ಬರೆಯಬಲ್ಲವರು, ಕೇಳಿ ಕಲಿತವರು: ಆರಂಭದ ಇಸ್ಲಾಮಿನಲ್ಲಿ ಅಧಿಕಾರ ಯಾರ ಕೈಯಲ್ಲಿತ್ತು?

2025ರ ಜನವರಿಯಲ್ಲಿ ಅಫ್ಗಾನಿಸ್ತಾನದ ಖೋಸ್ಟ್ ಪ್ರಾಂತದ ಮದರಸಾವೊಂದರ ಸಮಾರಂಭದಲ್ಲಿ ತಾಲಿಬಾನ್ ಸರ್ಕಾರದ ಉಪ ವಿದೇಶಾಂಗ ಸಚಿವ ಶೇರ್ ಮುಹಮ್ಮದ್ ಅಬ್ಬಾಸ್ ಸ್ತಾನಿಕ್‌ಝೈ ತಮ್ಮ ಸರ್ಕಾರಕ್ಕೇ ಇರುಸುಮುರುಸಾಗುವ ಮಾತಾಡಿದರು. ಹುಡುಗಿಯರ ಶಾಲೆ ಮುಚ್ಚಿಡಲು ಯಾವ ನೆಪವೂ ಇಲ್ಲ, ಪ್ರವಾದಿಯವರ ಕಾಲದಲ್ಲಿ ವಿದ್ಯೆಯ ಬಾಗಿಲು ಗಂಡಸರಿಗೂ ಹೆಂಗಸರಿಗೂ ತೆರೆದೇ ಇತ್ತು ಎಂದರು. ಸ್ವಲ್ಪ ದಿನದಲ್ಲೇ ಅವರು ದೇಶ ಬಿಟ್ಟು ಯುಎಇಗೆ ಹೋದರೆಂದು ವರದಿಯಾಯಿತು. ಅದೇ ತಿಂಗಳು ಇಸ್ಲಾಮಾಬಾದಿನಲ್ಲಿ ಮುಸ್ಲಿಂ ವರ್ಲ್ಡ್ ಲೀಗ್ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆಯೇ ಸಮ್ಮೇಳನ ನಡೆಸಿತು. ಬೇರೆ ಬೇರೆ ದೇಶಗಳ ಉಲಮಾಗಳು (ಧರ್ಮವಿದ್ವಾಂಸರು) ಬಂದರು, ಕಾಬೂಲಿನಿಂದ ಯಾರೂ ಬರಲಿಲ್ಲ.

ಇನ್ನೊಂದು ಜಗಳ ಮೊಬೈಲಿನಲ್ಲಿ ದಿನವೂ ನಡೆಯುತ್ತಿದೆ. ಕುರ್‌ಆನಿನ ಅನುವಾದ ಈಗ ಕನ್ನಡವೂ ಸೇರಿ ಹತ್ತಾರು ಭಾಷೆಗಳಲ್ಲಿ ಬೆರಳ ತುದಿಗೇ ಸಿಗುತ್ತದೆ. ಅದನ್ನು ಓದಿದವನೊಬ್ಬ ‘ಗ್ರಂಥದಲ್ಲಿ ಹೀಗಿದೆ’ ಎಂದರೆ, ಮೌಲವಿ ‘ನೀನು ಯಾರ ಹತ್ತಿರ ಕಲಿತೆ?’ ಎಂದು ಕೇಳುತ್ತಾರೆ. ಓದಲು ಬಂದರೆ ಸಾಕು ಎಂಬುದು ಒಬ್ಬನ ವಾದ, ಓದು ಬಂದ ಮಾತ್ರಕ್ಕೆ ಏನೂ ಆಗಲಿಲ್ಲ ಎಂಬುದು ಇನ್ನೊಬ್ಬರದು. ವಾದ ಮಾಡುವವರೆಲ್ಲ ಕೈತೋರಿಸುವುದು ಏಳನೇ ಶತಮಾನದ ಕಡೆಗೆ.

ಆ ಕಾಲದಲ್ಲಿ ಓದುಬರಹವೇ ಬೇರೆ, ಧಾರ್ಮಿಕ ಅಧಿಕಾರವೇ ಬೇರೆಯಾಗಿತ್ತು. ಮುಂದೆ ಬರಹ ಎಲ್ಲೆಡೆ ಹಬ್ಬಿದಾಗಲೂ ಅಧಿಕಾರ ಬರಹದ ಹಿಂದೆ ಹೋಗಲಿಲ್ಲ. ವಿದ್ವಾಂಸರು ಬರಹವನ್ನು ಒಪ್ಪಿಕೊಂಡರು, ಆದರೆ ಅದಕ್ಕೊಂದು ಷರತ್ತು ಹಾಕಿದರು. ಆ ಷರತ್ತು ಹೇಗೆ ಹುಟ್ಟಿತು ಎಂದು ತಿಳಿದರೆ ಇವತ್ತಿನ ಎರಡು ಜಗಳಗಳೂ ಅರ್ಧ ಅರ್ಥವಾದಂತೆ.

ಮೊದಲು, ಬರೆಯಬಲ್ಲವರು ಎಷ್ಟು ಜನ ಇದ್ದರು? ಒಂಬತ್ತನೇ ಶತಮಾನದ ಇತಿಹಾಸಕಾರ ಬಲಾಧುರಿ ಒಂದು ಪಟ್ಟಿ ಕೊಡುತ್ತಾರೆ. ಇಸ್ಲಾಂ ಬಂದಾಗ ಮಕ್ಕಾದ ಕುರೈಶ್ ಬುಡಕಟ್ಟಿನಲ್ಲಿ ಬರೆಯಲು ಬಲ್ಲ ಗಂಡಸರು 17 ಮಂದಿ, ಅವರಲ್ಲಿ ಮುಂದೆ ಖಲೀಫರಾದ ಉಮರ್, ಉಸ್ಮಾನ್, ಅಲಿ, ಮುಆವಿಯಾ, ಅವರಲ್ಲದೆ ಅಬೂ ಸುಫ್ಯಾನ್ ಇದ್ದಾರೆ. ಇದನ್ನು ಜನಗಣತಿಯೆಂದು ನಂಬಿ ಉದ್ಧರಿಸುವವರು ಬಹಳ. ನನಗೆ ಅಷ್ಟು ನಂಬಿಕೆಯಿಲ್ಲ. ಪಟ್ಟಿಯಲ್ಲಿರುವವರಲ್ಲಿ ಹೆಚ್ಚಿನವರು ಮುಂದೆ ಹೆಸರು ಮಾಡಿದವರು. ಹೆಸರು ಮಾಡದೆ ಅಂಗಡಿಯ ಲೆಕ್ಕ ಬರೆದುಕೊಂಡಿದ್ದವರನ್ನು ಇನ್ನೂರು ವರ್ಷದ ಮೇಲೆ ಯಾರು ನೆನಪಿಟ್ಟುಕೊಳ್ಳುತ್ತಾರೆ?

ಕಲ್ಲುಗಳು ಹೇಳುವುದೇ ಬೇರೆ. ಸಿರಿಯಾ, ಜೋರ್ಡಾನ್ ಕಡೆಯ ಕಪ್ಪುಕಲ್ಲಿನ ಮರುಭೂಮಿಯಲ್ಲಿ ಇಸ್ಲಾಮಿಗೆ ಎಷ್ಟೋ ಶತಮಾನ ಹಿಂದಿನ ಗೀಚುಬರಹಗಳು ಹತ್ತಾರು ಸಾವಿರ ಸಿಕ್ಕಿವೆ. ಲಿಪಿಗೆ ಸಫಾಯಿತಿಕ್ ಎಂದು ಹೆಸರು. ಬರೆದವರು ಒಂಟೆ, ಕುರಿ ಮೇಯಿಸಿಕೊಂಡು ಅಲೆಯುತ್ತಿದ್ದ ಜನ. ತಮ್ಮ ಹೆಸರು, ತಂದೆ ತಾತನ ಹೆಸರು, ಬೀಡು ಬಿಟ್ಟ ಜಾಗ, ಸತ್ತ ಬಂಧುವಿಗಾಗಿ ಪಟ್ಟ ದುಃಖ, ಇವನ್ನೆಲ್ಲ ಕಲ್ಲಿನ ಮೇಲೆ ಕೆತ್ತಿದ್ದಾರೆ. ಅವರಿಗೆ ಅಕ್ಷರ ಗೊತ್ತಿತ್ತು, ಆದರೆ ಅವರ ಬದುಕು ಅಕ್ಷರದ ಮೇಲೆ ನಿಂತಿರಲಿಲ್ಲ. ಅವರ ಹಾಡು, ಕತೆಗಳೆಲ್ಲ ಹೆಚ್ಚಾಗಿ ಬಾಯಲ್ಲೇ ಉಳಿದವು.

ಇಸ್ಲಾಮಿನ ಮೊದಲ ದಶಕಗಳಿಂದ ಉಳಿದ ಬರಹಗಳೂ ಇದೇ ಜಾತಿಯವು. ಸೌದಿ ಅರೇಬಿಯಾದ ಅಲ್-ಉಲಾ ಬಳಿಯ ಬಂಡೆಯೊಂದರಲ್ಲಿ ಝುಹೈರ್ ಎಂಬವನು, ಉಮರ್ ತೀರಿಕೊಂಡ ಕಾಲದಲ್ಲಿ, 24ನೇ ವರ್ಷದಲ್ಲಿ ತಾನಿದನ್ನು ಬರೆದೆ ಎಂದು ಕೆತ್ತಿದ್ದಾನೆ. ಇಸ್ಲಾಮೀ ಪಂಚಾಂಗದ ಹಿಜರಿ 24 ಎಂದರೆ ಕ್ರಿ.ಶ. 644-45. ಅದಕ್ಕೂ ಹಳೆಯದು ಈಗ ವಿಯೆನ್ನಾದಲ್ಲಿರುವ ಈಜಿಪ್ಟಿನ ಒಂದು ಪಪೈರಸ್, ಹಿಜರಿ 22ರದು, ಅಂದರೆ 643. ಅದು ಧರ್ಮಗ್ರಂಥವಲ್ಲ, ಕುರಿಗಳ ರಸೀದಿ. ಅರಬ್ ದಂಡಿನ ಅಬ್ದುಲ್ಲಾ ಇಬ್ನ್ ಜಾಬಿರ್ ಎಂಬವನು ಅಹ್ನಾಸ್ ಊರಿನವರಿಂದ 65 ಕುರಿ ಪಡೆದುಕೊಂಡದ್ದಕ್ಕೆ ಕೊಟ್ಟ ಚೀಟಿ. ಮೇಲೆ ಗ್ರೀಕ್, ಕೆಳಗೆ ಅರಬಿ. ಗ್ರೀಕ್ ಭಾಗ ಬರೆದವನು ಯೊಹಾನನೆಂಬ ಕ್ರೈಸ್ತ ನೋಟರಿ, ಚರ್ಚಿನಲ್ಲೂ ಸೇವೆಯಲ್ಲಿದ್ದವನು. ಗೆದ್ದವರ ಸರ್ಕಾರದ ಲೆಕ್ಕ ಸೋತವರ ಗುಮಾಸ್ತರ ಕೈಯಲ್ಲೇ ಇತ್ತು. ಅರಬಿ ಆಡಳಿತದ ಭಾಷೆಯಾಗಲು ಖಲೀಫ ಅಬ್ದುಲ್ ಮಲಿಕರ ಕಾಲದವರೆಗೆ, ಅಂದರೆ ಇನ್ನೂ ಅರ್ಧ ಶತಮಾನ, ಕಾಯಬೇಕಾಯಿತು.

ನಮ್ಮ ಹಳ್ಳಿಗಳ ಶಾನುಭೋಗರನ್ನು ನೆನಪಿಸಿಕೊಳ್ಳಿ. ಊರಿನ ಲೆಕ್ಕವೆಲ್ಲ ಅವರ ಕಡತದಲ್ಲಿ, ಅವರಿಗೆ ಹೆದರದವರಿಲ್ಲ. ಆದರೆ ಧರ್ಮಸಂದೇಹ ಬಂದರೆ ಯಾರೂ ಅವರ ಮನೆ ಬಾಗಿಲಿಗೆ ಹೋಗುತ್ತಿರಲಿಲ್ಲ. ಮಕ್ಕಾ, ಮದೀನಾಗಳಲ್ಲೂ ಬರೆಯುವುದು ಅಂಥ ಒಂದು ಕಸುಬು. ಬದ್ರ್ ಯುದ್ಧದಲ್ಲಿ (624) ಸೆರೆಸಿಕ್ಕ ಮಕ್ಕಾದವರಲ್ಲಿ ದುಡ್ಡಿಲ್ಲದವರು ಮದೀನಾದ ಹತ್ತು ಹತ್ತು ಮಕ್ಕಳಿಗೆ ಬರಹ ಕಲಿಸಿ ಬಿಡುಗಡೆ ಪಡೆದರೆಂದು ಪರಂಪರೆ ಹೇಳುತ್ತದೆ. ಶತ್ರುವಿನಿಂದ, ಅದೂ ಬಹುದೇವತಾರಾಧಕನಿಂದ, ಅಕ್ಷರ ಕಲಿಯುವುದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಅಕ್ಷರದ ಜತೆ ಅಧಿಕಾರ ಬರುವಂತಿದ್ದರೆ ಇದು ಆಗುವ ಮಾತೇ ಅಲ್ಲ.

ಕುರ್‌ಆನ್ ಸ್ವತಃ ಬರಹವನ್ನು ಗೌರವದಿಂದಲೇ ಕಾಣುತ್ತದೆ. ಮೊದಲು ಬಂದವೆನ್ನುವ ವಚನಗಳಲ್ಲೇ ಲೇಖನಿಯ ಮೂಲಕ ಕಲಿಸಿದ ದೇವರ ಉಲ್ಲೇಖವಿದೆ. ಅದರ ಅತ್ಯಂತ ಉದ್ದದ ವಚನ (2:282) ಸಾಲಪತ್ರದ ಕುರಿತದ್ದು. ಸಾಲ ಮಾಡಿದರೆ ಬರೆದಿಡಿ, ಬರೆಯುವವನು ನ್ಯಾಯವಾಗಿ ಬರೆಯಲಿ ಎನ್ನುವ ಆ ವಚನ, ಅದರ ಬೆನ್ನಿಗೇ ಸಾಕ್ಷಿಗಳನ್ನೂ ಕರೆಯಿರಿ ಎನ್ನುತ್ತದೆ. ಮುಂದೆ ಇಸ್ಲಾಮೀ ಕಾನೂನು ಬೆಳೆದಾಗ ಈ ಎರಡರಲ್ಲಿ ಮೇಲುಗೈ ಸಾಕ್ಷಿಯದ್ದಾಯಿತು. ಪತ್ರವೊಂದೇ ಖಾಜಿಯ ಮುಂದೆ ನಿಲ್ಲುತ್ತಿರಲಿಲ್ಲ, ‘ಹೌದು, ನಾನು ಕಂಡಿದ್ದೇನೆ, ಕೇಳಿದ್ದೇನೆ’ ಎನ್ನುವ ಮನುಷ್ಯ ಬೇಕಿತ್ತು. ಧರ್ಮವಿದ್ಯೆಗೂ ಇದೇ ನಿಯಮ ಬಂತು.

ಇನ್ನು ಪ್ರವಾದಿಯವರ ಮಾತು. ಅವರು ಓದುಬರಹ ಕಲಿತವರಲ್ಲ ಎಂಬುದು ಮುಸ್ಲಿಮರ ಸಾಮಾನ್ಯ ನಂಬಿಕೆ. ಇದಕ್ಕಿಂತ ಮೊದಲು ನೀನು ಯಾವ ಗ್ರಂಥವನ್ನೂ ಓದುತ್ತಿರಲಿಲ್ಲ, ನಿನ್ನ ಬಲಗೈಯಿಂದ ಬರೆಯುತ್ತಲೂ ಇರಲಿಲ್ಲ ಎಂಬರ್ಥದ ವಚನ (29:48) ಅದಕ್ಕೆ ಆಧಾರ. ಕುರ್‌ಆನ್ ಅವರನ್ನು ‘ಉಮ್ಮೀ’ ಪ್ರವಾದಿ ಎನ್ನುವುದಕ್ಕೆ ‘ಅಕ್ಷರ ಕಲಿಯದ’ ಎಂದೇ ಅರ್ಥವೋ, ‘ಹಿಂದೆ ಗ್ರಂಥ ಪಡೆದಿರದ ಜನಾಂಗದ’ ಎಂದೋ ಎಂಬ ಚರ್ಚೆ ಈಗಲೂ ಇದೆ. ನನಗೆ ಅದಕ್ಕಿಂತ ಕುತೂಹಲದ್ದು, ಈ ವಿಷಯ ಮುಟ್ಟಿದ ಒಬ್ಬ ವಿದ್ವಾಂಸರಿಗೆ ಬಂದ ಕಷ್ಟ.

628ರಲ್ಲಿ ಹುದೈಬಿಯಾದಲ್ಲಿ ಮಕ್ಕಾದವರೊಂದಿಗೆ ಒಪ್ಪಂದವಾಯಿತು. ಬರೆಯುತ್ತಿದ್ದವರು ಅಲಿ. ‘ದೇವರ ಸಂದೇಶವಾಹಕ ಮುಹಮ್ಮದ್’ ಎಂದು ಬರೆದಾಗ ಮಕ್ಕಾದ ಪ್ರತಿನಿಧಿ ಸುಹೈಲ್ ತಕರಾರು ತೆಗೆದ: ಅದನ್ನು ನಾವು ಒಪ್ಪಿದ್ದರೆ ನಿಮ್ಮೊಡನೆ ಯುದ್ಧವೇ ಮಾಡುತ್ತಿರಲಿಲ್ಲ, ಬರೀ ತಂದೆಯ ಹೆಸರು ಸೇರಿಸಿ ಬರೆಯಿರಿ. ಅಳಿಸಲು ಅಲಿಗೆ ಮನಸ್ಸಾಗಲಿಲ್ಲ. ಆ ಪದ ಎಲ್ಲಿದೆ ತೋರಿಸು ಎಂದು ಕೇಳಿ ಪ್ರವಾದಿಯವರೇ ಅಳಿಸಿದರು. ಪ್ರವಾದಿಯವರ ನಡೆನುಡಿಗಳ ಹೆಸರಾಂತ ಬುಖಾರಿ ಸಂಗ್ರಹದ ಒಂದು ನಿರೂಪಣೆ ಇನ್ನೂ ಮುಂದಕ್ಕೆ ಹೋಗಿ, ಅವರಿಗೆ ಚೆನ್ನಾಗಿ ಬರೆಯಲು ಬರುತ್ತಿರಲಿಲ್ಲ, ಆದರೂ ಬರೆದರು ಎನ್ನುತ್ತದೆ.

ನಾಲ್ಕು ಶತಮಾನದ ನಂತರ ಸ್ಪೇನಿನ ದೇನಿಯಾದಲ್ಲಿ ಅಬುಲ್ ವಲೀದ್ ಅಲ್-ಬಾಜಿ (ಮರಣ 1081) ಈ ನಿರೂಪಣೆಯ ಪಾಠ ಹೇಳುವಾಗ ಅದನ್ನು ಇದ್ದದ್ದು ಇದ್ದಂತೆ ಒಪ್ಪಿದರು. ಊರಿಗೆ ಊರೇ ತಿರುಗಿಬಿತ್ತು. ಅವರನ್ನು ಧರ್ಮಭ್ರಷ್ಟ ಎಂದರು, ಅವರ ಮೇಲೆ ಪದ್ಯ ಕಟ್ಟಿ ಹಾಡಿದರು. ಬಾಜಿ ಜಗ್ಗಲಿಲ್ಲ. ಕುರ್‌ಆನ್ ಹೇಳುವುದು ‘ಇದಕ್ಕಿಂತ ಮೊದಲು’ ಬರೆಯುತ್ತಿರಲಿಲ್ಲ ಎಂದಷ್ಟೇ, ಆಮೇಲೆ ಕಲಿಯದೆಯೇ ಬರೆದರೆ ಅದು ಇನ್ನೊಂದು ಪವಾಡ ಎಂದು ಪ್ರಬಂಧವನ್ನೇ ಬರೆದರು. ಜನಕ್ಕೆ ಇಷ್ಟು ಸಿಟ್ಟು ಏಕೆ? ಪ್ರವಾದಿಯವರ ಅಧಿಕಾರ ಯಾವ ಪುಸ್ತಕದಿಂದಲೂ ಬಂದದ್ದಲ್ಲ, ಕೇಳಿಸಿಕೊಂಡದ್ದರಿಂದ ಬಂದದ್ದು ಎಂಬುದು ಅವರ ನಂಬಿಕೆಯ ಅಡಿಪಾಯ. ಅವರ ಕೈಗೆ ಲೇಖನಿ ಕೊಡುವುದೆಂದರೆ, ಹಳೆಯ ಕತೆಗಳನ್ನು ಬರೆಸಿಕೊಂಡಿದ್ದಾನೆ ಎಂದು ಮಕ್ಕಾದ ವಿರೋಧಿಗಳು ಹೊರಿಸಿದ್ದ ಆರೋಪಕ್ಕೆ (25:5) ಬಾಗಿಲು ತೆರೆದಂತೆ.

ಪ್ರವಾದಿಯವರ ನಂತರ ಕುರ್‌ಆನ್ ಒಟ್ಟುಗೂಡಿದ ಕತೆಯಲ್ಲೂ ಬಾಯಿ, ಕೈ ಎರಡರ ಎಳೆದಾಟ ಇದೆ. ಯಮಾಮಾ ಯುದ್ಧದಲ್ಲಿ ಕುರ್‌ಆನ್ ಕಂಠಪಾಠವಿದ್ದ ಬಹಳ ಮಂದಿ ಸತ್ತರು. ಹೀಗೇ ಆದರೆ ಗ್ರಂಥವೇ ಕೈಬಿಟ್ಟುಹೋದೀತೆಂದು ಉಮರ್ ಹೆದರಿ ಮೊದಲ ಖಲೀಫ ಅಬೂಬಕರರನ್ನು ಒತ್ತಾಯಿಸಿದರು. ಪ್ರವಾದಿಯವರ ಲಿಪಿಕಾರರಾಗಿದ್ದ ಝೈದ್ ಇಬ್ನ್ ಸಾಬಿತರಿಗೆ ಕೆಲಸ ಬಂತು. ಖರ್ಜೂರದ ಗರಿಯ ದಿಂಡು, ತೆಳುಗಲ್ಲು, ಮತ್ತು ‘ಜನರ ಎದೆ’, ಇವುಗಳಿಂದ ಅವರು ವಚನಗಳನ್ನು ಕಲೆಹಾಕಿದರಂತೆ. ಆ ಹಾಳೆಗಳು ಕೊನೆಗೆ ಉಮರರ ಮಗಳು ಹಫ್ಸಾ ಬಳಿ ಉಳಿದವು. ಸುಮಾರು 650ರಲ್ಲಿ ಆಗ ಖಲೀಫರಾಗಿದ್ದ ಉಸ್ಮಾನ್ ಅವನ್ನೇ ತರಿಸಿ ಒಂದು ಪ್ರಮಾಣ ಪಾಠ ಮಾಡಿಸಿ, ನಗರಗಳಿಗೆ ಪ್ರತಿ ಕಳಿಸಿ, ಉಳಿದವನ್ನು ಸುಡಿಸಿದರು. ಇರಾಕಿನ ಕೂಫಾದಲ್ಲಿದ್ದ, ಪ್ರವಾದಿಯವರ ಹಿರಿಯ ಸಂಗಾತಿ ಇಬ್ನ್ ಮಸ್‌ಊದ್ ಇದನ್ನು ಒಪ್ಪಲಿಲ್ಲ. ಪ್ರವಾದಿಯವರ ಬಾಯಿಂದಲೇ ಎಪ್ಪತ್ತಕ್ಕೂ ಹೆಚ್ಚು ಅಧ್ಯಾಯ ಕಲಿತಾಗ ಝೈದ್ ಇನ್ನೂ ಆಟವಾಡುವ ಹುಡುಗ ಎಂಬುದು ಅವರ ಅಸಮಾಧಾನವೆಂದು ಪರಂಪರೆ ದಾಖಲಿಸಿದೆ. ಆಡಳಿತಕ್ಕೆ ಬೇಕಾದದ್ದು ಒಳ್ಳೆಯ ಲಿಪಿಕಾರ, ಇಬ್ನ್ ಮಸ್‌ಊದ್ ಕೇಳುತ್ತಿದ್ದದ್ದು ಕೇಳಿ ಕಲಿತವನಿಗೆ ಸಲ್ಲಬೇಕಾದ ಮರ್ಯಾದೆ.

ಆದರೆ ಉಸ್ಮಾನರ ಪ್ರತಿಗಳು ಓದುಗನನ್ನು ಸ್ವತಂತ್ರನನ್ನಾಗಿ ಮಾಡುವಂಥವಲ್ಲ. ಅಂದಿನ ಅರಬಿ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಬರೆಯುತ್ತಿರಲಿಲ್ಲ. ಚುಕ್ಕೆಗಳು ಗೊತ್ತಿದ್ದವು, ಆ ಕುರಿ ರಸೀದಿಯಲ್ಲೇ ಕೆಲವಿವೆ, ಆದರೆ ಕುರ್‌ಆನ್ ಪ್ರತಿಗಳಲ್ಲಿ ಬಲು ವಿರಳ. ಚುಕ್ಕೆಯಿಲ್ಲದಿದ್ದರೆ ಪದದ ನಡುವೆ ಬರುವ ಒಂದು ಪುಟ್ಟ ಹಲ್ಲಿನಂಥ ಗೆರೆ ಬ, ತ, ಥ, ನ, ಯ ಐದರಲ್ಲಿ ಯಾವುದೂ ಆಗಬಹುದು. ಪಾಠ ಮೊದಲೇ ಬಾಯಿಗೆ ಬರುವವನಿಗೆ ಅದು ನೆನಪಿನ ಗುರುತು, ಬಾರದವನಿಗೆ ಒಗಟು. ಅಂಥ ಪುಸ್ತಕ ಊರಿಗೆ ಹೋದರೆ ಅದರ ಜತೆ ಓದಿ ಹೇಳುವವನೂ ಹೋಗಲೇಬೇಕು.

ಇದು ಬರೀ ಅನನುಕೂಲವಾಗಿದ್ದರೆ ಚುಕ್ಕೆ, ಸ್ವರಚಿಹ್ನೆ ಬಳಕೆಗೆ ಬಂದ ಮೇಲೆ ಮುಗಿದುಹೋಗಬೇಕಿತ್ತು. ಮುಗಿಯಲಿಲ್ಲ. 934ರ ಸುಮಾರಿಗೆ ಬಗ್ದಾದಿನಲ್ಲಿ ಇಬ್ನ್ ಮಿಕ್ಸಮ್ ಎಂಬ ವ್ಯಾಕರಣ ಪಂಡಿತರು, ಉಸ್ಮಾನರ ಪಾಠದ ಅಕ್ಷರಕ್ಕೆ ಹೊಂದುವ, ವ್ಯಾಕರಣಕ್ಕೂ ಸರಿಯಾಗುವ ಯಾವ ಓದಾದರೂ ನಡೆಯುತ್ತದೆ, ಗುರುವಿನಿಂದ ಕೇಳಿರಬೇಕೆಂದಿಲ್ಲ ಎಂದರು. ಇವತ್ತಿನ ಓದುಗನಿಗೆ ಇದು ಎಷ್ಟು ಸಹಜ! ಮುಂದೆ ಪುಸ್ತಕವಿದೆ, ಭಾಷೆ ಗೊತ್ತಿದೆ, ಇನ್ನೇನು ಬೇಕು? ಆದರೆ ಏಳು ಅಧಿಕೃತ ಪಠಣಗಳನ್ನು ಗೊತ್ತುಮಾಡಿದ ಇಬ್ನ್ ಮುಜಾಹಿದ್ (ಮರಣ 936) ಪ್ರಭಾವ ಬೀರಿ ವಿಚಾರಣೆ ನಡೆಸಿಸಿದರು, ಇಬ್ನ್ ಮಿಕ್ಸಮ್ ಮಾತು ಹಿಂದೆಗೆದುಕೊಳ್ಳಬೇಕಾಯಿತು. ಮರುವರ್ಷ ಇಬ್ನ್ ಶನಬೂಧ್ ಎಂಬ ಇನ್ನೊಬ್ಬರಿಗೆ, ಉಸ್ಮಾನರ ಪಾಠಕ್ಕೆ ಹೊಂದದ ಹಳೆಯ ಓದುಗಳನ್ನು ಸಾರ್ವಜನಿಕವಾಗಿ ಪಠಿಸಿದ್ದಕ್ಕೆ, ಛಡಿಯೇಟು ಬಿತ್ತು. ಎರಡು ತೀರ್ಪು ಒಟ್ಟಿಗೆ ಇಟ್ಟು ನೋಡಿ. ಒಬ್ಬರಿಗೆ ಹೇಳಿದ್ದು: ಬರಹ ಇದ್ದರೆ ಸಾಲದು, ಕೇಳಿರಬೇಕು. ಇನ್ನೊಬ್ಬರಿಗೆ ಹೇಳಿದ್ದು: ಕೇಳಿದ್ದರೆ ಸಾಲದು, ಬರಹಕ್ಕೂ ಹೊಂದಬೇಕು. ನಾನು ಮೇಲೆ ಹೇಳಿದ ಷರತ್ತು ಇದೇ.

ಪಳಗಿದ ಕಣ್ಣಿಗೆ ಇದು ಇವತ್ತೂ ಕಾಣುತ್ತದೆ. ರಮಝಾನ್ ರಾತ್ರಿಗಳಲ್ಲಿ ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ತರಾವೀಹ್ ನಮಾಝಿನಲ್ಲಿ ಹಾಫಿಝರು (ಇಡೀ ಕುರ್‌ಆನ್ ಕಂಠಪಾಠವಿರುವವರು) ಪುಸ್ತಕವಿಲ್ಲದೆ ಕುರ್‌ಆನ್ ಪಠಿಸುತ್ತಾರೆ. ಹಿಂದಿನ ಸಾಲಿನಲ್ಲಿ ಇನ್ನೊಬ್ಬ ಹಾಫಿಝ್ ಕಿವಿಗೊಟ್ಟು ನಿಂತಿರುತ್ತಾರೆ. ಮುಂದಿನವರು ಒಂದು ಪದ ತಪ್ಪಿದರೆ ಹಿಂದಿನಿಂದ ಸರಿಯಾದ ಪದ ಎತ್ತಿಕೊಡುತ್ತಾರೆ, ಉರ್ದು ಬಲ್ಲವರು ಅದಕ್ಕೆ ‘ಲುಕ್ಮಾ ಕೊಡುವುದು’ ಎನ್ನುತ್ತಾರೆ. ಅಚ್ಚಾದ ಕುರ್‌ಆನ್ ಮಸೀದಿಯ ಕಪಾಟಿನ ತುಂಬ ಇದ್ದರೂ ಬಾಯಿಯ ತಪ್ಪನ್ನು ತಿದ್ದುವುದು ಇನ್ನೊಂದು ಕಿವಿ.

ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಗಳ ವರದಿ, ವಿಷಯದಲ್ಲಿ ಎಳೆದಾಟ ಇನ್ನೂ ಬಹಿರಂಗವಾದದ್ದು. ನನ್ನಿಂದ ಕುರ್‌ಆನ್ ಬಿಟ್ಟು ಬೇರೇನೂ ಬರೆದುಕೊಳ್ಳಬೇಡಿ ಎಂದು ಪ್ರವಾದಿಯವರು ಹೇಳಿದ್ದಾಗಿ ಒಂದು ಹದೀಸ್ ಇದೆ. ಯಮನಿನ ಅಬೂ ಶಾಹ್ ಕೇಳಿದಾಗ ಭಾಷಣವನ್ನು ಅವನಿಗೆ ಬರೆದುಕೊಡಿ ಎಂದದ್ದಾಗಿಯೂ ಇದೆ. ಉಮರ್ ಪ್ರವಾದಿಯವರ ನಡೆನುಡಿಗಳನ್ನು ಬರೆಸಬೇಕೆಂದು ಯೋಚಿಸಿ ಕೊನೆಗೆ ಕೈಬಿಟ್ಟರಂತೆ. ಕುರ್‌ಆನಿನ ಪಕ್ಕದಲ್ಲಿ ಇನ್ನೊಂದು ಗ್ರಂಥ ನಿಂತುಬಿಡುತ್ತದೆಂಬ ಭಯ ಅವರದು. ಎಂಟನೇ ಶತಮಾನದ ಆರಂಭದಲ್ಲಿ ಖಲೀಫ ಎರಡನೇ ಉಮರ್, ವಿದ್ವಾಂಸರು ತೀರಿಹೋಗಿ ವಿದ್ಯೆ ಅಳಿದೀತೆಂದು ಹದೀಸ್ ಬರೆದಿಡಲು ಮದೀನಾಕ್ಕೆ ಆಜ್ಞೆ ಕಳಿಸಿದರು. ಆ ಪೀಳಿಗೆಯ ಹಿರಿಯ ವಿದ್ವಾಂಸ ಝುಹ್ರಿ (ಮರಣ 742) ನಮಗೆ ಬರೆಯುವುದು ಇಷ್ಟವಿರಲಿಲ್ಲ, ಈ ಅಮೀರರು ಬಲವಂತ ಮಾಡಿದರು ಎಂದು ಗೊಣಗಿದ್ದು ದಾಖಲಾಗಿದೆ. ಆ ಗೊಣಗಾಟದಲ್ಲಿ ರಾಜಕೀಯವಿದೆ. ಬರೆದದ್ದು ಅರಮನೆಯ ಕಪಾಟು ಸೇರಿದರೆ ಅದರ ಯಜಮಾನ ಅರಮನೆಯವನೇ. ಬಾಯಲ್ಲಿದ್ದರೆ ವಿದ್ವಾಂಸನ ಮನೆಗೇ ಬರಬೇಕು.

ಮುಂದೆ ಅಬ್ಬಾಸಿ ವಂಶದ ಖಲೀಫರ ಕಾಲದಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಪರ್ಶಿಯನ್ ಮೂಲದ ಸರ್ಕಾರಿ ಬರಹಗಾರ ಇಬ್ನುಲ್ ಮುಕಫ್ಫಾ ಖಲೀಫ ಮನ್ಸೂರರಿಗೆ ಒಂದು ಸಲಹೆ ಕೊಟ್ಟರು: ಊರಿಗೊಂದು ತೀರ್ಪು ಆಗುತ್ತಿದೆ, ಎಲ್ಲ ಅಭಿಪ್ರಾಯಗಳನ್ನೂ ತರಿಸಿ, ತಾವೇ ತೀರ್ಮಾನಿಸಿ, ಒಂದೇ ಸಂಹಿತೆ ಮಾಡಿಬಿಡಿ. ಆಡಳಿತದ ದೃಷ್ಟಿಯಿಂದ ಒಳ್ಳೆಯ ಸಲಹೆ, ಆದರೆ ಅದು ನಡೆಯಲಿಲ್ಲ. ಮದೀನಾದ ಧರ್ಮಶಾಸ್ತ್ರಜ್ಞ ಮಾಲಿಕ್ (ಮರಣ 795) ಬಗ್ಗೆ ಹೇಳುವ ಕತೆ ಇದರ ಇನ್ನೊಂದು ಮುಖ. ಅವರ ಗ್ರಂಥವನ್ನೇ ರಾಜ್ಯವಿಡೀ ಕಾನೂನು ಮಾಡುತ್ತೇನೆ ಎಂದು ಖಲೀಫ ಹೇಳಿದರೆ, ಪ್ರವಾದಿಯವರ ಸಂಗಾತಿಗಳು ಬೇರೆ ಬೇರೆ ನಾಡಿಗೆ ಹೋಗಿದ್ದಾರೆ, ಜನ ಅವರವರಿಂದ ಕೇಳಿದ್ದನ್ನು ನಡೆಸಿಕೊಂಡು ಬಂದಿದ್ದಾರೆ, ಬಿಟ್ಟುಬಿಡಿ ಎಂದರಂತೆ. ಗುಮಾಸ್ತ ವರ್ಗದ ಕೈಗೆ ಧರ್ಮ ಹೋಗಲಿಲ್ಲ.

ಬಸ್ರಾದ ಕತಾದಾ (ಮರಣ 735) ಹುಟ್ಟು ಕುರುಡರು. ಕುರ್‌ಆನ್ ವ್ಯಾಖ್ಯಾನದಲ್ಲಿ ಅವರ ಹೆಸರು ಬಾರದ ಹಳೆಯ ಗ್ರಂಥ ಸಿಗುವುದು ಕಷ್ಟ. ಒಂದು ಅಕ್ಷರವನ್ನೂ ಕಾಣದ ಮನುಷ್ಯ ಗ್ರಂಥದ ಅರ್ಥಕ್ಕೆ ಪ್ರಮಾಣವಾದದ್ದು ಅಂದಿನವರಿಗೆ ವಿಚಿತ್ರವೆನಿಸಲಿಲ್ಲ. ಬದಲಿಗೆ, ಪುಸ್ತಕ ನೋಡಿಯೇ ಕಲಿತವನನ್ನು ‘ಸಹಫಿ’ ಎಂದು ಹೀಗಳೆಯುತ್ತಿದ್ದರು, ಅಂಥವನಿಂದ ವಿದ್ಯೆ ಕಲಿಯಬೇಡ ಎಂಬುದು ಗಾದೆಯಂತಿತ್ತು. ಕಾಗದ ಬಂದು, ಬಗ್ದಾದಿನಲ್ಲಿ ಪುಸ್ತಕದಂಗಡಿಗಳ ಬೀದಿಯೇ ಎದ್ದ ಮೇಲೆ, ಇದಕ್ಕೊಂದು ಉಪಾಯ ಹುಡುಕಿದರು. ಪುಸ್ತಕವನ್ನು ಗುರುವಿನ ಮುಂದೆ ಗಟ್ಟಿಯಾಗಿ ಓದಬೇಕು, ಯಾರು ಯಾರು ಕೇಳಿಸಿಕೊಂಡರೆಂದು ಪ್ರತಿಯ ಮೇಲೇ ಬರೆಯಬೇಕು, ನಡುವೆ ತೂಕಡಿಸಿದವನ ಹೆಸರನ್ನು ಹಾಗೇ ಸೇರಿಸಬಹುದೇ ಎಂಬ ಚರ್ಚೆ ಬೇರೆ. ಗುರು ಕೊಡುವ ಇಜಾಝತ್ (ಮುಂದೆ ಪಾಠ ಹೇಳಲು ಅನುಮತಿ) ಇಲ್ಲದ ಪುಸ್ತಕ ನಿಮ್ಮ ಕಪಾಟಿನಲ್ಲಿದ್ದರೂ ನಿಮ್ಮದಲ್ಲ.

ಈ ವ್ಯವಸ್ಥೆಯಲ್ಲಿ ಹೆಂಗಸರ ಜಾಗ ಎಲ್ಲಿ? ಬಲಾಧುರಿಯ ಅದೇ ಪಟ್ಟಿಯಲ್ಲಿ ಅವರ ಹೆಸರೂ ಇವೆ. ಉಮರರ ಕುಲದವರೇ ಆದ ಶಿಫಾ ಬಿಂತ್ ಅಬ್ದುಲ್ಲಾ ಬರೆಯಬಲ್ಲವರು, ಹಫ್ಸಾಗೆ ಬರಹ ಕಲಿಸಿದ್ದು ಅವರೇ. ಆಯಿಶಾ ಓದುತ್ತಿದ್ದರು, ಬರೆಯುತ್ತಿರಲಿಲ್ಲ. ಉಮ್ಮು ಸಲಮಾ ಕೂಡ ಹಾಗೇ. ಓದು ಮತ್ತು ಬರಹ ಎರಡು ಬೇರೆ ವಿದ್ಯೆಗಳಾಗಿದ್ದವು ಎಂಬುದನ್ನು ಗಮನಿಸಿ. ಬರೆಯಲು ಬಾರದ ಆಯಿಶಾ ಹದೀಸ್ ಪರಂಪರೆಯ ದೊಡ್ಡ ಆಧಾರಗಳಲ್ಲಿ ಒಬ್ಬರಾದರು, ಹಿರಿಯ ಸಂಗಾತಿಗಳನ್ನೇ ಅವರು ತಿದ್ದಿದ ಪ್ರಸಂಗಗಳಿವೆ. ಅಧಿಕಾರ ಕೇಳಿ ಕಲಿತದ್ದರಿಂದ ಬರುವಲ್ಲಿ ಹತ್ತಿರದಿಂದ ಕೇಳಿದವರಿಗೆ ಮಾನ್ಯತೆ, ಗಂಡೋ ಹೆಣ್ಣೋ ಎಂಬುದು ಆಮೇಲೆ. ಹನ್ನೊಂದನೇ ಶತಮಾನದಲ್ಲಿ ಮಕ್ಕಾದಲ್ಲಿದ್ದ ಕರೀಮಾ ಅಲ್-ಮರ್ವಝಿಯಾ ಬಳಿ ಬುಖಾರಿ ಸಂಗ್ರಹ ಕೇಳಲು ದೂರದೂರದಿಂದ ವಿದ್ವಾಂಸರು ಬರುತ್ತಿದ್ದರು. ತಮ್ಮ ಪ್ರತಿಯೊಂದಿಗೆ ಹೋಲಿಸಿ ತಿದ್ದದೆ ಯಾರಿಗೂ ಪಾಠ ಒಪ್ಪಿಸಲು ಬಿಡುತ್ತಿರಲಿಲ್ಲ ಎಂದು ಅವರ ಹೆಸರು.

ಆದರೂ ಹೆಂಗಸರಿಗೆ ಬರಹ ಕಲಿಸಬೇಡಿ ಎಂಬ ಒಂದು ಹದೀಸ್ ಓಡಾಡುತ್ತಿತ್ತು, ಅದೂ ಆಯಿಶಾರ ಹೆಸರಿನಲ್ಲೇ. ವಿಮರ್ಶಕರು ಅದನ್ನು ಕಟ್ಟುಕತೆ ಎಂದು ತಳ್ಳಿಹಾಕಿದ್ದಾರೆ. ಬ್ರಿಟಿಷರ ಕಾಲದ ಭಾರತದಲ್ಲಿ ಅದು ಮತ್ತೆ ತಲೆಯೆತ್ತಿದಾಗ ಬಿಹಾರದ ಹದೀಸ್ ವಿದ್ವಾಂಸ ಶಮ್ಸುಲ್ ಹಕ್ ಅಝೀಮಾಬಾದಿ (ಮರಣ 1911) ಹೆಂಗಸರಿಗೆ ಬರಹ ಕಲಿಸಬಹುದು ಎಂದು ಸಾಧಿಸಲು ಒಂದು ಗ್ರಂಥವನ್ನೇ ರಚಿಸಿದರು. ಅವರ ಕೈಯಲ್ಲಿದ್ದ ದೊಡ್ಡ ಸಾಕ್ಷಿ ಶಿಫಾ, ಹಫ್ಸಾರ ಪ್ರಸಂಗ. ಭಯ ಇದ್ದದ್ದು ಬರಹದ ಬಗ್ಗೆ, ಓದಿನ ಬಗ್ಗೆಯಲ್ಲ. ಓದುವವಳು ಕೇಳಿಸಿಕೊಳ್ಳುತ್ತಾಳೆ, ಬರೆಯುವವಳು ಕಾಗದ ಕಳಿಸಬಲ್ಲಳು.

ಅಫ್ಗಾನಿಸ್ತಾನದಲ್ಲಿ 2021ರಿಂದ ಆರನೇ ತರಗತಿ ದಾಟಿದ ಹುಡುಗಿಯರಿಗೆ ಶಾಲೆಯಿಲ್ಲ. 2022ರ ಡಿಸೆಂಬರಿನಿಂದ ವಿಶ್ವವಿದ್ಯಾಲಯವೂ ಇಲ್ಲ. 2024ರ ಆಗಸ್ಟಿನಲ್ಲಿ ಯುನೆಸ್ಕೊ ಲೆಕ್ಕದ ಪ್ರಕಾರ ಹೀಗೆ ಪ್ರೌಢಶಾಲೆ ತಪ್ಪಿದ ಹುಡುಗಿಯರು ಕನಿಷ್ಠ 14 ಲಕ್ಷ. ಅದೇ ಹುಡುಗಿಯರಲ್ಲಿ ಹಲವರು ಮದರಸಾಗಳಿಗೆ ಹೋಗುತ್ತಿದ್ದಾರೆ. ಇದಕ್ಕೆ ಏಳನೇ ಶತಮಾನದ ಆಧಾರ ಹುಡುಕುವುದು ವ್ಯರ್ಥ. ಆಗ ಬರಹ ಕಸುಬಾಗಿತ್ತು, ಅಕ್ಷರ ಬಾರದಿದ್ದರೂ ಮರ್ಯಾದೆಗೆ, ಅನ್ನಕ್ಕೆ ಕೊರತೆಯಿರಲಿಲ್ಲ. ಈಗ ಅಕ್ಷರ ತಪ್ಪಿಸಿದರೆ ಡಾಕ್ಟರಳಾಗುವುದೂ ತಪ್ಪಿತು, ಸಂಬಳವೂ ತಪ್ಪಿತು. ನಿಷೇಧ ಬಂದದ್ದು ಕಂದಹಾರಿನಲ್ಲಿರುವ ತಾಲಿಬಾನ್ ಪರಮೋಚ್ಚ ನಾಯಕ ಹೈಬತುಲ್ಲಾ ಅಖುಂದ್‌ಝಾದಾ ಅವರ ಆಜ್ಞೆಯಿಂದ. ಒಳಗಿನವರು ಶಾಸ್ತ್ರ ಮುಂದಿಟ್ಟು ಕೇಳಿದರೂ ಸಿಕ್ಕಿದ ಉತ್ತರ ವಿಧೇಯರಾಗಿರಿ ಎಂಬುದೇ. ಇಬ್ನುಲ್ ಮುಕಫ್ಫಾ ಬಯಸಿದ್ದು, ಮಾಲಿಕ್ ಬೇಡವೆಂದದ್ದು ಇಂಥದ್ದನ್ನೇ: ಎಲ್ಲ ಅಭಿಪ್ರಾಯಗಳ ಮೇಲೆ ಆಳುವವನ ಒಂದು ತೀರ್ಮಾನ.

ಮೊಬೈಲಿನ ಜಗಳ ಹಾಗಲ್ಲ, ಅದಕ್ಕೆ ನಿಜಕ್ಕೂ ಹಳೆಯ ಬೇರಿದೆ. 1727ರಲ್ಲಿ ಇಸ್ತಾಂಬುಲಿನಲ್ಲಿ ಇಬ್ರಾಹಿಂ ಮುತೆಫರ್ರಿಕಾಗೆ ಮುದ್ರಣಕ್ಕೆ ಅನುಮತಿ ಸಿಕ್ಕಿದಾಗ ಧರ್ಮಗ್ರಂಥಗಳನ್ನು ಹೊರಗಿಟ್ಟರು. ಇವತ್ತು ಜಗತ್ತಿನಲ್ಲಿ ಹೆಚ್ಚು ಹರಡಿರುವ ಕುರ್‌ಆನ್ ಪಾಠ ನೆಲೆಗೊಂಡದ್ದು 1924ರ ಕೈರೋ ಆವೃತ್ತಿಯಿಂದ. ಚುಕ್ಕೆ, ಸ್ವರ, ನಿಲುಗಡೆಯ ಗುರುತು ಎಲ್ಲ ಅಚ್ಚಾಗಿ ಬಂದ ಮೇಲೆ ಒಗಟು ಬಿಡಿಸುವವನ ಅಗತ್ಯ ಕಡಿಮೆಯಾಯಿತು, ಅನುವಾದ ಬಂದ ಮೇಲೆ ಇನ್ನೂ ಕಡಿಮೆ. ಇಬ್ನ್ ಮಿಕ್ಸಮ್ ಸೋತ ವಾದ ಹೀಗೆ ಸದ್ದಿಲ್ಲದೆ ಗೆಲ್ಲುತ್ತಾ ಬಂತು. ಪರಂಪರೆಯವರ ಆತಂಕವನ್ನು ಹೊಟ್ಟೆಪಾಡಿನ ಮಾತೆಂದು ತಳ್ಳಿಹಾಕುವುದು ಸುಲಭ, ಆದರೆ ಎರಡು ವಚನ ಕಿತ್ತುಕೊಂಡು ತಲೆ ಕಡಿಯಲು ಹೊರಟ ಗುಂಪುಗಳಲ್ಲಿ ಗುರುವಿಲ್ಲದೆ ಓದಿದವರು ಬಹಳ ಇದ್ದರೆಂಬುದೂ ಸುಳ್ಳಲ್ಲ. ಗುರುವಿನ ಸರಪಳಿ ಇದ್ದವರೆಲ್ಲ ವಿವೇಕಿಗಳೇ ಎಂದೇನಿಲ್ಲ, ಅದಕ್ಕೆ ಕಂದಹಾರ್ ಸಾಕ್ಷಿ.

ಹಳೆಯ ಷರತ್ತು ಮಾತ್ರ ಇನ್ನೂ ಜೀವಂತವಿದೆ. ಕುರ್‌ಆನ್ ಪಠಣಕ್ಕೆ ಈಗ ವಿಡಿಯೊ ಕರೆಯಲ್ಲೂ ಇಜಾಝತ್ ಕೊಡುವವರಿದ್ದಾರೆ. ಕೈರೋದ ಗುರುವಿಗೆ ಮಂಗಳೂರಿನಿಂದ ಪಾಠ ಒಪ್ಪಿಸಬಹುದು. ಪ್ರಸಿದ್ಧ ಪಠಣಕಾರರ ಧ್ವನಿಮುದ್ರಣ ಸಾವಿರ ಸಲ ಕೇಳಿ ಕಲಿತರೆ ಮಾತ್ರ ಇಜಾಝತ್ ಸಿಗುವುದಿಲ್ಲ. ಧ್ವನಿಮುದ್ರಣ ನಿಮ್ಮ ಪಠಣವನ್ನು ಕೇಳುವುದಿಲ್ಲವಲ್ಲ.